ಮಿರಜದ ಹಾದಿ: ನಮ್ಮ ಸೀಮೆಯ ಬೇನೆಗಳು ಮತ್ತು ದವಾಖಾನೆಯ ವೆಚ್ಚ



ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದರೆ ದೇವಾಲಯವನ್ನು ಕಟ್ಟಿಸಿದವರ, ಶಾಲೆಯನ್ನು ತೆರೆದವರ, ಗಂಟೆಯನ್ನು ತಂದು ತೂಗುಹಾಕಿದವರ ಚರಿತ್ರೆಯು ಅದರಲ್ಲಿ ಬರುವುದು ವಾಡಿಕೆ. ಆ ಕಾರ್ಯವನ್ನು ಬಲ್ಲವರು ಬೇರೆ ಪುಟಗಳಲ್ಲಿ ಮಾಡಿರುತ್ತಾರೆ. ನಾನು ಇಲ್ಲಿ ಬರೆಯಲು ಹೊರಟಿರುವುದು ಯಾವ ಶಿಲಾಫಲಕದ ಮೇಲೂ ಕೆತ್ತಿರದ ಇನ್ನೊಂದು ಚರಿತ್ರೆಯನ್ನು. ಈ ಸೀಮೆಯ ಜನರು ಯಾವ ಯಾವ ಬೇನೆಗಳಿಂದ ಬಳಲಿದರು, ಬೇನೆ ಬಿದ್ದಾಗ ಎಲ್ಲಿಗೆ ಹೋದರು, ಹೋದಲ್ಲಿ ಹಣವನ್ನು ಹೇಗೆ ಹೊಂದಿಸಿದರು ಎಂಬುದೇ ಆ ಚರಿತ್ರೆ. ಧರ್ಮಕೇಂದ್ರದ ಮರಣದ ದಫ್ತರದಲ್ಲಿ ತೀರಿಹೋದವರ ಹೆಸರು, ವಯಸ್ಸು, ಅಂತ್ಯಸಂಸ್ಕಾರದ ದಿನಾಂಕಗಳಿರುತ್ತವೆ. ಕೊನೆಯ ಬೇನೆಗೆ ಎಷ್ಟು ವೆಚ್ಚವಾಯಿತು, ಅದಕ್ಕಾಗಿ ಯಾವ ಹೊಲ ಒತ್ತೆ ಬಿತ್ತು, ಆ ಸಾಲವನ್ನು ಯಾವ ಮಗ ತೀರಿಸಿದ ಎಂಬ ಸಂಗತಿಯು ಯಾವ ದಫ್ತರದಲ್ಲಿಯೂ ಇರುವುದಿಲ್ಲ. ಆದರೆ ಮನೆಮನೆಯವರಿಗೂ ಅದು ಬಾಯಿಪಾಠವಾಗಿ ಗೊತ್ತಿರುತ್ತದೆ.

ನಮ್ಮ ಕೊಕಟನೂರು ಇರುವ ಅಥಣಿ ತಾಲೂಕು ಕೃಷ್ಣಾ ನದಿಯ ದಂಡೆಯ ಸೀಮೆಯಾದರೂ ನದಿಯಿಂದ ದೂರ ಸರಿದಂತೆ ಮಳೆಯ ಕೊರತೆಯನ್ನೇ ಉಂಡು ಬೆಳೆದ ಪ್ರದೇಶ. 1876ರಿಂದ 1878ರವರೆಗಿನ ಮಹಾ ಬರಗಾಲವು ಬೆಳಗಾವಿ ಮತ್ತು ಅಂದಿನ ಕಲಾದಗಿ ಜಿಲ್ಲೆಗಳನ್ನು ಹಣ್ಣುಗಾಯಿ ಮಾಡಿತು. ಹಸಿವಿನ ಹಿಂದೆಯೇ ಕಾಲರಾ ಬಂದಿತು. 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು ಮುಂದಿನ ಕೆಲವೇ ವರ್ಷಗಳಲ್ಲಿ ರೈಲು ಮತ್ತು ಸಂತೆಯ ದಾರಿಗಳನ್ನು ಹಿಡಿದು ಈ ಭಾಗಕ್ಕೂ ಹಬ್ಬಿತು. ಇಲಿ ಬಿದ್ದಿತೆಂದು ಕಂಡೊಡನೆ ಜನರು ಊರನ್ನೇ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. 1918ರ ಇನ್‌ಫ್ಲುಯೆಂಜಾ ಜ್ವರವು ಮುಂಬಯಿ ಇಲಾಖೆಯನ್ನು ಹೊಕ್ಕು ಹೊಲಗಳಲ್ಲಿ ಪೈರು ಕೊಯ್ಯುವವರಿಲ್ಲದಂತೆ ಮಾಡಿತು. ಇವು ಬಂದು ಹೋಗುವ ಮಾರಿಗಳು. ಇವಲ್ಲದೆ ಮನೆಯಲ್ಲಿಯೇ ನೆಲೆಸಿದ ಬೇನೆಗಳಿದ್ದವು: ಮಲೇರಿಯಾ, ಕುಷ್ಠ, ಕ್ಷಯ, ಸಿಡುಬು. ಇನ್ನು ಮೆಟ್ಟಿಲು ಬಾವಿಗೆ ಇಳಿದು ಕುಡಿಯುವ ನೀರು ತುಂಬುತ್ತಿದ್ದ ನಮ್ಮ ಬಯಲುಸೀಮೆಗೆ ಅಂಟಿಕೊಂಡಿದ್ದ ನಾರುಹುಣ್ಣು. ಕಾಲಿನಿಂದ ಬಿಳಿಯ ದಾರದಂತಹ ಹುಳುವು ದಿನಕ್ಕಿಷ್ಟು ಹೊರಬರುತ್ತಿರಲು, ಅದನ್ನು ಕಡ್ಡಿಗೆ ಸುತ್ತಿಕೊಂಡು ವಾರಗಟ್ಟಲೆ ಕಟ್ಟೆಯ ಮೇಲೆ ಕುಳಿತಿರುತ್ತಿದ್ದವರನ್ನು ಕಂಡ ಹಿರಿಯರು ಈಗ ವಿರಳ.

ಈ ಪಟ್ಟಿಯಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಸಿಡುಬು 1975ರಲ್ಲಿ ನಮ್ಮ ದೇಶದಿಂದ ತೊಲಗಿತು. ನಾರುಹುಣ್ಣಿನ ಕೊನೆಯ ರೋಗಿ ಕಂಡುದು 1996ರಲ್ಲಿ. ಭಾರತವು ಅದರಿಂದ ಮುಕ್ತವೆಂದು 2000ದಲ್ಲಿ ಘೋಷಿತವಾಯಿತು. ಇವನ್ನು ಓಡಿಸಿದ್ದು ಲಸಿಕೆ, ಬಾವಿಗಳ ದುರಸ್ತಿ, ನೀರನ್ನು ಸೋಸುವ ಬಟ್ಟೆ ಮತ್ತು ಮನೆಮನೆಗೆ ನಡೆದ ಸರಕಾರಿ ನೌಕರರ ಕಾಲುಗಳು. ನಾರುಹುಣ್ಣಿನಿಂದ ಮುಕ್ತಿ ಹೊಂದಲು ಯಾರೂ ಎಮ್ಮೆ ಮಾರಬೇಕಾಗಿ ಬರಲಿಲ್ಲ. ಖರ್ಚು ಆಗಲೇ ಇಲ್ಲವೆಂದು ಇದರ ಅರ್ಥವಲ್ಲ. ಆ ಖರ್ಚು ಬೊಕ್ಕಸದಿಂದ ಆಯಿತು, ರೋಗಿಯ ಸೆರಗಿನ ಗಂಟಿನಿಂದ ಆಗಲಿಲ್ಲ, ಅಷ್ಟೆ.

ಆದರೆ ಶಸ್ತ್ರಕ್ರಿಯೆಯ ಮಾತು ಬೇರೆ. ಕಣ್ಣಿನ ಪೊರೆ, ಮೂತ್ರದ ಹರಳು, ಹೊಟ್ಟೆಯ ಗಡ್ಡೆ, ಹೆರಿಗೆಯಲ್ಲಿ ಅಡ್ಡಬಿದ್ದ ಕೂಸು, ಇವಕ್ಕೆ ಊರಿನ ವೈದ್ಯರ ಬೇರು ನಾರುಗಳಲ್ಲಿ ಉಪಾಯವಿರಲಿಲ್ಲ. ಅಂತಹ ಹೊತ್ತಿನಲ್ಲಿ ಈ ಸೀಮೆಯವರು ಹಿಡಿದ ದಾರಿಯೇ ಮಿರಜದ ಹಾದಿ.

1880ರ ದಶಕದ ಕೊನೆಯ ಹೊತ್ತಿಗೆ ಸದರ್ನ್ ಮರಾಠಾ ರೈಲುಮಾರ್ಗವು ಬೆಳಗಾವಿಯಿಂದ ಮಿರಜದವರೆಗೆ ಸಿದ್ಧವಾಗಿತ್ತು. ಘಟಪ್ರಭೆ, ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳನ್ನು ಮುಟ್ಟಿ ಸಾಗುವ ಈ ಮಾರ್ಗವೇ ಇಂದಿಗೂ ನಮಗೆ ಹತ್ತಿರದ ರೈಲು. ಅಥಣಿಯ ಕಡೆಯವರು ಚಕ್ಕಡಿಯಲ್ಲಿ ಹುಲ್ಲು ಹಾಸಿ ರೋಗಿಯನ್ನು ಮಲಗಿಸಿಕೊಂಡು ನಿಲ್ದಾಣದವರೆಗೆ ತಂದು, ಅಲ್ಲಿಂದ ಗಾಡಿ ಏರುತ್ತಿದ್ದರು. ಕೆನಡಾ ದೇಶದಲ್ಲಿ 1865ರಲ್ಲಿ ಹುಟ್ಟಿದ ಡಾ. ವಿಲಿಯಂ ಜೇಮ್ಸ್ ವಾನ್‌ಲೆಸ್ ಎಂಬವರು ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನ ವೈದ್ಯರಾಗಿ 1889ರಲ್ಲಿ ಈ ದೇಶಕ್ಕೆ ಬಂದು, ಮೊದಲು ಸಾಂಗಲಿಯಲ್ಲಿ ಒಂದು ಚಿಕ್ಕ ಚಿಕಿತ್ಸಾಲಯವನ್ನು ನಡೆಸಿ, ಅನಂತರ ಮಿರಜದಲ್ಲಿ ನೆಲೆಸಿದರು. ಮಿರಜ ಸಂಸ್ಥಾನದ ಅರಸರಿಂದ ಭೂಮಿ ದೊರೆಯಿತು. ಕಟ್ಟಡಕ್ಕೆ ಹಣ ಕೊಟ್ಟವರು ಫಿಲಡೆಲ್ಫಿಯಾದ ಜಾನ್ ಕಾನ್ವರ್ಸ್, ರೈಲು ಎಂಜಿನುಗಳನ್ನು ತಯಾರಿಸುವ ಕಾರ್ಖಾನೆಯ ಒಡೆಯರಲ್ಲೊಬ್ಬರು. ರೈಲಿನಿಂದ ಗಳಿಸಿದ ಹಣದಲ್ಲಿ ಕಟ್ಟಿದ ದವಾಖಾನೆಗೆ ನಮ್ಮ ಜನರು ರೈಲಿನಲ್ಲಿಯೇ ಹೋಗುವಂತಾದುದು ದೈವಯೋಗವೆಂದು ನಾನು ವಿನೋದಕ್ಕಾಗಿ ಹೇಳುವುದುಂಟು. 1894ರಲ್ಲಿ ದವಾಖಾನೆಯು ತೆರೆಯಿತು. ಮೂರು ವರ್ಷಗಳಲ್ಲಿ ಅಲ್ಲಿಯೇ ಒಂದು ವೈದ್ಯಕೀಯ ಶಾಲೆಯೂ ಮೊದಲಾಯಿತು. ಕುಷ್ಠರೋಗಿಗಳಿಗೆ ಆಶ್ರಯ, ಕ್ಷಯರೋಗಿಗಳಿಗೆ ಊರಹೊರಗೆ ಗಾಳಿಬೆಳಕಿನ ಆರೋಗ್ಯಧಾಮ ಕ್ರಮೇಣ ಸೇರಿಕೊಂಡವು. ಆ ಆರೋಗ್ಯಧಾಮವಿರುವ ಊರಿಗೆ ವಾನ್‌ಲೆಸ್‌ವಾಡಿ ಎಂಬ ಹೆಸರು ಇಂದಿಗೂ ಉಳಿದಿದೆ.

ವಾನ್‌ಲೆಸ್ ಅವರು ಸಾವಿರ ಸಾವಿರ ಕಣ್ಣುಗಳ ಪೊರೆಯನ್ನು ತೆಗೆದರು. ಅವರಿಗೆ 1928ರಲ್ಲಿ ‘ಸರ್’ ಪದವಿ ದೊರೆಯಿತು. 1933ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಅವರ ಕೈಚಳಕದ ಕಥೆಗಳು ಬೇಕಾದಷ್ಟಿವೆ. ನನಗೆ ಹೆಚ್ಚು ಬೆಲೆಯುಳ್ಳದ್ದೆಂದು ತೋರುವುದು ಅವರ ಹಣದ ಲೆಕ್ಕ. ಸಂಸ್ಥಾನಿಕರು, ಇನಾಂದಾರರು, ವ್ಯಾಪಾರಸ್ಥರು ಚಿಕಿತ್ಸೆಗೆ ಬಂದರೆ ಅವರಿಂದ ತಕ್ಕ ಶುಲ್ಕವನ್ನು ತೆಗೆದುಕೊಳ್ಳುತ್ತಿದ್ದರು. ಬಡವರನ್ನು ಬಿಟ್ಟಿಯಾಗಿ ನೋಡುತ್ತಿದ್ದರು. ನಡುವಿನವರು ಕೈಲಾದಷ್ಟು ಕೊಡುತ್ತಿದ್ದರು. ಸಾಹುಕಾರನು ತನ್ನ ಹರಳಿಗೆ ಕೊಟ್ಟ ದುಡ್ಡಿನಲ್ಲಿ ಅವನದೇ ಹೊಲದ ಕೂಲಿಯವನ ಪೊರೆ ತೆಗೆಯಲ್ಪಡುತ್ತಿತ್ತು. ಇದು ದಾನವೂ ಹೌದು, ವ್ಯವಹಾರವೂ ಹೌದು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಖಾಸಗಿ ದವಾಖಾನೆಯೇ ಸರಿ. ಆದರೆ ಬೆಲೆಯು ಬೇನೆಯನ್ನು ನೋಡಿ ನಿರ್ಣಯವಾಗುತ್ತಿರಲಿಲ್ಲ, ಬೇನೆ ಬಿದ್ದವನ ಶಕ್ತಿಯನ್ನು ನೋಡಿ ನಿರ್ಣಯವಾಗುತ್ತಿತ್ತು.

ಪ್ರೊಟೆಸ್ಟೆಂಟ್ ಬಾಂಧವರು ಇಷ್ಟನ್ನು ಮಾಡುತ್ತಿದ್ದಾಗ ನಮ್ಮ ಶ್ರೀಸಭೆಯು ಏನು ಮಾಡುತ್ತಿತ್ತೆಂಬ ಪ್ರಶ್ನೆಯನ್ನು ಯುವಕರು ಕೇಳುತ್ತಾರೆ. ಕೇಳಬೇಕಾದದ್ದೇ. ಉತ್ತರವು ಅರ್ಧ ಅಭಿಮಾನದ್ದು, ಅರ್ಧ ಸಂಕೋಚದ್ದು. ಮಂಗಳೂರಿನಲ್ಲಿ ಯೇಸುಸಭೆಯ ಜರ್ಮನ್ ಗುರು ಪೂಜ್ಯ ಆಗಸ್ಟಸ್ ಮುಲ್ಲರರು 1880ರಲ್ಲಿಯೇ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ತೆರೆದರು; 1890ರಲ್ಲಿ ಕುಷ್ಠರೋಗಿಗಳ ಆಶ್ರಮ, ಪ್ಲೇಗಿನ ಕಾಲದಲ್ಲಿ ಪ್ಲೇಗಿನ ರೋಗಿಗಳಿಗೆ ಆಸ್ಪತ್ರೆ. ಅವರ ಲೆಕ್ಕವೂ ವಿಚಾರಮಾಡತಕ್ಕದ್ದೇ. ಔಷಧದ ಗುಳಿಗೆಗಳನ್ನು ಟಪಾಲಿನ ಮೂಲಕ ದೇಶದ ಮೂಲೆಮೂಲೆಗೂ ಮಾರಿ, ಬಂದ ಲಾಭವನ್ನು ಕಂಕನಾಡಿಯ ಬಡರೋಗಿಗಳ ಮೇಲೆ ಸುರಿದರು. ಬೆಂಗಳೂರಿನಲ್ಲಿ ಗುಡ್ ಶೆಪರ್ಡ್ ಧರ್ಮಭಗಿನಿಯರು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ಸ್ಥಾಪಿಸಿದರು. ಇದು ಅಭಿಮಾನದ ಅರ್ಧ.

ಸಂಕೋಚದ ಅರ್ಧವೆಂದರೆ, ಅಂದಿನ ಶ್ರೀಸಭೆಯ ಕಟ್ಟಳೆಗಳ ಪ್ರಕಾರ ಗುರುಗಳು ವಿಶೇಷ ಅನುಮತಿಯಿಲ್ಲದೆ ವೈದ್ಯವೃತ್ತಿಯನ್ನು ನಡೆಸುವಂತಿರಲಿಲ್ಲ. ಧರ್ಮಭಗಿನಿಯರು ಹೆರಿಗೆ ಮಾಡಿಸುವುದಕ್ಕೂ ನಿರ್ಬಂಧವಿತ್ತು. ಪರಪುರುಷ ವೈದ್ಯನ ಮುಂದೆ ಬಾರದ ಹೆಣ್ಣುಮಕ್ಕಳು ಹೆರಿಗೆಯಲ್ಲಿ ಸಾಯುತ್ತಿದ್ದ ದೇಶದಲ್ಲಿ ಈ ನಿರ್ಬಂಧವು ಎಷ್ಟು ಭಾರವಾದದ್ದೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೋರಿ ಅವರು 1920ರಲ್ಲಿ ಗುಂಟೂರಿಗೆ ಬಂದು ಧರ್ಮಭಗಿನಿಯಾದಾಗ, ವೈದ್ಯವೃತ್ತಿಯನ್ನು ಮುಂದುವರಿಸಲು ರೋಮಿನಿಂದ ವಿಶೇಷ ಅಪ್ಪಣೆಯನ್ನು ತರಿಸಬೇಕಾಯಿತು. 1936ರಲ್ಲಿ, ಜಗದ್ಗುರು ಹನ್ನೊಂದನೆಯ ಪಯಸರ ಕಾಲದಲ್ಲಿ, ಈ ನಿರ್ಬಂಧವು ಸಡಿಲವಾಯಿತು. ಅದೇ ಮೇರಿ ಗ್ಲೋರಿ ಅವರು 1943ರಲ್ಲಿ ಭಾರತದ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. 1957ರಲ್ಲಿ ಬೆಂಗಳೂರಿನಲ್ಲಿ ಪ್ರಭುವಿನ ಪಾದವನ್ನು ಸೇರಿದರು. ಹಳ್ಳಿಯ ಧರ್ಮಕೇಂದ್ರಗಳಲ್ಲಿ ಬಹುಕಾಲ ಇದ್ದುದು ಒಂದು ಔಷಧದ ಕಪಾಟು, ಒಬ್ಬ ನರ್ಸ್ ಭಗಿನಿ, ಗಾಯಕ್ಕೆ ಹಚ್ಚುವ ಮುಲಾಮು, ಇಷ್ಟೇ. ಬೆಳಗಾವಿ ಧರ್ಮಪ್ರಾಂತ್ಯವೇ ರಚನೆಯಾದದ್ದು 1953ರಲ್ಲಿ ಎಂಬುದನ್ನು ನೆನೆದರೆ ಈ ಅಲ್ಪತ್ವವು ಆಶ್ಚರ್ಯವೆನಿಸದು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಭೋರ್ ಸಮಿತಿಯು ತನ್ನ ವರದಿಯನ್ನು ಒಪ್ಪಿಸಿತು. ಹಣ ಕೊಡಲಾರನೆಂಬ ಕಾರಣಕ್ಕೆ ಯಾವ ಪ್ರಜೆಗೂ ಚಿಕಿತ್ಸೆ ತಪ್ಪಬಾರದೆಂಬುದು ಅದರ ತಿರುಳು. ಹಳ್ಳಿಗಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಆ ವರದಿಯ ಕೂಸುಗಳು. ನಮ್ಮ ಜಿಲ್ಲೆಯಲ್ಲಿ ಸೇವಾದಳದ ಡಾ. ನಾ. ಸು. ಹರ್ಡೀಕರರ ಹೆಸರಿನೊಡನೆ ಬೆಸೆದುಕೊಂಡಿರುವ ಘಟಪ್ರಭೆಯ ಆರೋಗ್ಯಧಾಮವು ಸ್ವದೇಶಾಭಿಮಾನಿ ವೈದ್ಯರ ತ್ಯಾಗದಿಂದ ಬೆಳೆದಿತ್ತು. 1962ರಲ್ಲಿ ಮಿರಜದಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯ, 1963ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯ, ಅದೇ ವರ್ಷ ಬೆಂಗಳೂರಿನಲ್ಲಿ ನಮ್ಮ ಧರ್ಮಾಧ್ಯಕ್ಷರುಗಳ ಸಂತ ಜಾನರ ವೈದ್ಯಕೀಯ ಮಹಾವಿದ್ಯಾಲಯ ಮೊದಲಾದವು. ಇನ್ನು ಡಾಕ್ಟರರಿಗೆ ಬರವಿಲ್ಲವೆಂದು ಜನರು ಹಿಗ್ಗಿದರು.

ಡಾಕ್ಟರರು ಬಂದರು, ನಿಜ. ಆದರೆ ಡಾಕ್ಟರನಾಗುವುದಕ್ಕೇ ದುಡ್ಡು ಸುರಿಯಬೇಕಾದ ಕಾಲವೂ ಜೊತೆಯಲ್ಲಿಯೇ ಬಂದಿತು. ಖಾಸಗಿ ವೈದ್ಯಕೀಯ ಮಹಾವಿದ್ಯಾಲಯದ ಪದ್ಧತಿಯು ನಮ್ಮ ರಾಜ್ಯದ ಮಣಿಪಾಲದಲ್ಲಿಯೇ 1953ರಲ್ಲಿ ಬೇರು ಬಿಟ್ಟದ್ದು. ಮುಂದೆ ಊರೂರಿಗೆ ಹಬ್ಬಿದ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಲು 1984ರಲ್ಲಿ ಶಾಸನವನ್ನೇ ಮಾಡಬೇಕಾಯಿತು. ಬೀಜಕ್ಕೆ ಸಾಲ ಮಾಡಿದ ರೈತನು ಬೆಳೆಯಲ್ಲಿ ಅದನ್ನು ತೆಗೆಯಲೇಬೇಕಷ್ಟೆ. ಮುಂದಿನ ದಶಕಗಳಲ್ಲಿ ಅಥಣಿ, ಚಿಕ್ಕೋಡಿ, ನಿಪ್ಪಾಣಿಗಳಲ್ಲಿ ಖಾಸಗಿ ದವಾಖಾನೆಗಳು ಏರಿದವು. ಮಿರಜವಂತೂ ದವಾಖಾನೆಗಳ ಊರೇ ಆಗಿ, ಬೀದಿ ಬೀದಿಗೆ ಸ್ಕ್ಯಾನಿಂಗು, ಲ್ಯಾಬು, ಔಷಧದ ಅಂಗಡಿಗಳ ಸಾಲು ಬೆಳೆಯಿತು. ಇವುಗಳಿಂದ ಉಳಿದ ಜೀವಗಳನ್ನು ಲೆಕ್ಕಕ್ಕೆ ಹಿಡಿಯದೆ ಬರಿದೇ ಬೈಯುವುದು ಅನ್ಯಾಯ. ನಡುರಾತ್ರಿಯಲ್ಲಿ ಬಾಗಿಲು ತೆರೆದು ನೋಡುವವರು ಬಹಳ ಕಡೆ ಅವರೇ. ಬದಲಾದದ್ದು ವಾನ್‌ಲೆಸ್ ಅವರ ಲೆಕ್ಕ. ಸಾಹುಕಾರನಿಗೂ ಕೂಲಿಯವನಿಗೂ ಬಿಲ್ಲು ಒಂದೇ ಆಯಿತು.

ಇದೇ ಹೊತ್ತಿನಲ್ಲಿ ಬೇನೆಗಳೂ ಬದಲಾದವು. ನೀರಾವರಿ ಬಂದು, ಜೋಳದ ಹೊಲಗಳು ಕಬ್ಬಿನ ಹೊಲಗಳಾದವು. ಉಗಾರದ ಸಕ್ಕರೆ ಕಾರ್ಖಾನೆಯ ಹಿಂದೆ ಎಷ್ಟೋ ಕಾರ್ಖಾನೆಗಳು ಎದ್ದವು. ಹಸಿವು ಹಿಂದೆ ಸರಿಯಿತು, ಆಯುಷ್ಯ ಹೆಚ್ಚಿತು, ದೇವರಿಗೆ ಸ್ತೋತ್ರ. ಆ ಹೆಚ್ಚಿದ ಆಯುಷ್ಯದೊಳಗೆ ಸಕ್ಕರೆ ಬೇನೆ, ರಕ್ತದೊತ್ತಡ, ಹೃದಯದ ಬೇನೆ, ಮೂತ್ರಪಿಂಡದ ಬೇನೆಗಳು ಹೊಕ್ಕು ಕುಳಿತವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಡೆಸಿದ, 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಬೇನೆಯಿದೆ. 31 ಕೋಟಿಗೂ ಹೆಚ್ಚು ಜನರಿಗೆ ರಕ್ತದೊತ್ತಡವಿದೆ. ಇದು ಪಟ್ಟಣದ ಕುರ್ಚಿಯಲ್ಲಿ ಕುಳಿತವರ ಬೇನೆಯೆಂಬ ಹಳೆಯ ಮಾತು ಈಗ ನಡೆಯದು. ಭಾನುವಾರದ ಪೂಜೆಗೆ ಬರುವ ಹಿರಿಯರ ಜೇಬಿನಲ್ಲಿ ಜಪಮಣಿಯೊಡನೆ ಗುಳಿಗೆಯ ಚೀಟಿಯೂ ಇರುತ್ತದೆ.

ಪ್ಲೇಗು ಬಂದರೆ ಒಂದು ತಿಂಗಳಲ್ಲಿ ಒಂದು ತೀರ್ಮಾನವಾಗುತ್ತಿತ್ತು. ಹರಳು ತೆಗೆದರೆ ಹತ್ತು ದಿನಗಳಲ್ಲಿ ಮನೆಗೆ ಬರುತ್ತಿದ್ದರು. ಸಕ್ಕರೆ ಬೇನೆಗೆ ಕೊನೆಯೆಂಬುದಿಲ್ಲ. ಪ್ರತಿ ದಿನವೂ ಗುಳಿಗೆ, ಕೆಲ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಮರಣದವರೆಗೆ. ಬೇನೆಯ ಈ ಹೊಸ ಸ್ವರೂಪಕ್ಕೆ ತಕ್ಕಂತೆ ಹಣದ ವ್ಯವಸ್ಥೆಯು ಬದಲಾಗಲಿಲ್ಲವೆಂಬುದೇ ಈ ಲೇಖನದ ವಿಷಯ.

ಗುರುಪಟ್ಟವಾದ ಹೊಸದರಲ್ಲಿ ನನ್ನ ಬಳಿಗೆ ಜನರು ರಿಯಾಯಿತಿಯ ಚೀಟಿಗಾಗಿ ಬರುತ್ತಿದ್ದರು. ಇಂಥವರು ಬಡವರು, ದಯವಿಟ್ಟು ಬಿಲ್ಲಿನಲ್ಲಿ ಸ್ವಲ್ಪ ಕಡಿಮೆ ಮಾಡಬೇಕೆಂದು ದವಾಖಾನೆಯ ಮೇಲಧಿಕಾರಿಗಳಿಗೆ ಒಂದು ಪತ್ರ. ಅಂದಿನ ಪತ್ರಗಳೆಲ್ಲವೂ ಹರ್ನಿಯಾ, ಕಣ್ಣು, ಹೆರಿಗೆ, ಮುರಿದ ಎಲುಬುಗಳ ಕುರಿತಾದವು. ಬರೆದರೆ ಕೆಲಸವಾಗುತ್ತಿತ್ತು, ಒಂದೊಂದು ಕಡೆ ಆಗುತ್ತಿರಲಿಲ್ಲ. ಮುಂಗಡ ಕಟ್ಟದೆ ಹಾಸಿಗೆ ಇಲ್ಲವೆಂದು ನನ್ನ ಪತ್ರವನ್ನು ಓದದೆಯೇ ಹಿಂದಿರುಗಿಸಿದ ದವಾಖಾನೆಯೂ ಒಂದುಂಟು. ಈಗಲೂ ಜನರು ಬರುತ್ತಾರೆ. ಆದರೆ ಕೇಳುವುದು ಬೇರೆ. ಆಪರೇಶನ್ನಿಗೆ ಕಾರ್ಡು ಇದೆ ಫಾದರ್, ಗುಳಿಗೆಗೆ ಏನು ಮಾಡಲಿ ಎನ್ನುತ್ತಾರೆ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ಸಿಗೆ ಹೋಗಬೇಕಾದವನು, ಚಿಕಿತ್ಸೆಗೆ ದುಡ್ಡಿಲ್ಲ, ಬಸ್ಸಿಗೂ ಜೊತೆಯವನ ಕೂಲಿಗೂ ದುಡ್ಡು ಬೇಕು ಎನ್ನುತ್ತಾನೆ. ಆ ಕೂಲಿಯ ಕುರಿತು ಯಾವ ಮೇಲಧಿಕಾರಿಗೆ ಪತ್ರ ಬರೆಯುವುದು?

ರೈತಾಪಿ ಮನೆಗಳಲ್ಲಿ ದವಾಖಾನೆಯ ಖರ್ಚನ್ನು ತೂಗಿಸುವ ರೀತಿಯನ್ನು ಹೊರಗಿನವರು ತಿಳಿಯಲಾರರು. ಮೊದಲು ಮನೆಯಲ್ಲಿದ್ದುದು, ಆಮೇಲೆ ಬೀಗರಿಂದ ಕೈಗಡ, ಆಮೇಲೆ ಸೊಸಾಯಿಟಿಯಲ್ಲಿ ಬಂಗಾರದ ಸಾಲ, ಆಮೇಲೆ ಹೈನದ ಎಮ್ಮೆ, ಕೊನೆಗೆ ಭೂಮಿ. ಎಲ್ಲಕ್ಕೂ ಹೇಳುವ ವಾಯಿದೆ ಒಂದೇ: ಕಬ್ಬಿನ ಬಿಲ್ಲು ಬಂದ ಮೇಲೆ. ಕಬ್ಬು ಸಾಗಿಸಿದ 14 ದಿನಗಳೊಳಗೆ ಬಿಲ್ಲನ್ನು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವು ಹೇಳುತ್ತದೆ. ಆ ಬಿಲ್ಲು ತಿಂಗಳುಗಟ್ಟಲೆ ತಡವಾದಾಗ ಬಡ್ಡಿಯನ್ನು ಹೊರುವವನು ರೋಗಿ. ಸ್ವಂತ ಹೊಲವೇ ಇಲ್ಲದ ಕೂಲಿಯವನಿಗೆ ಈ ಏಣಿಯ ಮೊದಲ ಮೆಟ್ಟಿಲೇ ಕೊನೆಯದು. ಅವನು ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುತ್ತಾನೆ, ಮೈ ಹಗುರೆನಿಸಿದರೆ ಬಿಟ್ಟೇ ಬಿಡುತ್ತಾನೆ. ಕೆಲವು ವರ್ಷಗಳ ಮೇಲೆ ಪಾರ್ಶ್ವವಾಯುವೋ, ಮೂತ್ರಪಿಂಡದ ಸೋಲೋ ಬಂದು ಮಲಗುತ್ತಾನೆ. ಆಗ ಕಾರ್ಡು ಕೆಲಸಕ್ಕೆ ಬರುತ್ತದೆ.

ಕಾರ್ಡುಗಳ ಚರಿತ್ರೆಯನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅದರಲ್ಲಿ ನಮ್ಮ ರಾಜ್ಯವು ದೇಶಕ್ಕೆ ಮೇಲ್ಪಂಕ್ತಿಯಾಗಿದೆ. ಹೃದಯತಜ್ಞ ಡಾ. ದೇವಿ ಶೆಟ್ಟಿಯವರ ಕಲ್ಪನೆಯಂತೆ 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆಯಲ್ಲಿ ಸಹಕಾರಿ ಸಂಘದ ಸದಸ್ಯ ರೈತನು ತಿಂಗಳಿಗೆ 5 ರೂಪಾಯಿ ಕೊಟ್ಟರೆ ಸಾಕು, ನೂರಾರು ಬಗೆಯ ಶಸ್ತ್ರಕ್ರಿಯೆಗಳು ಅವನಿಗೆ ತೆರೆಯುತ್ತಿದ್ದವು. ಮೊದಲನೆಯ ವರ್ಷವೇ 16 ಲಕ್ಷಕ್ಕೂ ಹೆಚ್ಚು ಜನರು ಸೇರಿದರು. ಮಿರಜದಲ್ಲಿ ಒಬ್ಬ ಸಾಹುಕಾರನು ಒಬ್ಬ ಬಡವನ ಭಾರವನ್ನು ಹೊತ್ತಂತೆ, ಇಲ್ಲಿ ನೂರು ಆರೋಗ್ಯವಂತರು ಒಬ್ಬ ರೋಗಿಯ ಭಾರವನ್ನು ಹೊತ್ತರು. 2018ರಲ್ಲಿ ಅದು ನಿಂತಿತು. 2022ರಲ್ಲಿ ಸರಕಾರವು ಮರಳಿ ಆರಂಭಿಸಿತು. ಈ ನಡುವೆ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, 2018ರಲ್ಲಿ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಗಳು ಬಂದವು. ಕೊನೆಯದರಲ್ಲಿ ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಉಂಟು. ಉಳಿದವರಿಗೆ ನಿಗದಿತ ದರದ ಶೇಕಡಾ 30ರಷ್ಟು ಸರಕಾರದಿಂದ. ಹೃದಯದ ರಕ್ತನಾಳಕ್ಕೆ ಸ್ಟೆಂಟು ಹಾಕಿಸಿಕೊಂಡು ಕೈಯಿಂದ ಕಾಸು ಬಿಚ್ಚದೆ ಮನೆಗೆ ಬಂದವರು ನಮ್ಮ ಸುತ್ತಲಿನ ಹಳ್ಳಿಗಳಲ್ಲಿದ್ದಾರೆ. ಇದನ್ನು ಸಣ್ಣ ಉಪಕಾರವೆನ್ನುವವನು ಕೃತಘ್ನ.

ಆದರೂ ಈ ಯೋಜನೆಗಳೆಲ್ಲವೂ ಹಾಸಿಗೆ ಮತ್ತು ಕತ್ತರಿಗಳಿಗೆ ದುಡ್ಡು ಕೊಡುವಂಥವು. ಸ್ಟೆಂಟಿಗೆ ಹಣ ಬರುತ್ತದೆ. ಸ್ಟೆಂಟು ಬೇಕಾಗದಂತೆ ಹತ್ತು ವರ್ಷ ನುಂಗಬೇಕಾಗಿದ್ದ ಗುಳಿಗೆಗೆ ಬರುವುದಿಲ್ಲ. ಎಲ್ಲಿ ಕತ್ತರಿಗೆ ಹಣ ಸುಲಭವೋ ಅಲ್ಲಿ ಕತ್ತರಿಯು ಅಗತ್ಯವಿಲ್ಲದೆಡೆಯಲ್ಲಿಯೂ ಆಡುವ ಭಯವುಂಟು. ಕಾರ್ಡಿದ್ದರೂ ಇಲ್ಲದಿದ್ದರೂ ಆ ಭಯದ ಸುಳಿ ಹೆಣ್ಣುಮಕ್ಕಳನ್ನು ಮೊದಲು ಹಿಡಿಯುತ್ತದೆ. ನಮ್ಮ ಭಾಗಕ್ಕೂ ಕಬ್ಬು ಕಡಿಯಲು ಬರುವ ಮಹಾರಾಷ್ಟ್ರದ ಬೀಡ ಜಿಲ್ಲೆಯ ಹೆಂಗಸರಲ್ಲಿ, ಇನ್ನೂ ಚಿಕ್ಕ ವಯಸ್ಸಿನವರೇ ಗರ್ಭಕೋಶವನ್ನು ತೆಗೆಸಿಕೊಂಡವರು ಅತಿಯಾಗಿರುವುದು 2019ರಲ್ಲಿ ಬಯಲಾಗಿ, ಅಲ್ಲಿಯ ಸರಕಾರವು ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಬಿಳಿಸೆರಗು, ಹೊಟ್ಟೆನೋವುಗಳಿಗೆ ಗುಳಿಗೆ ಕೊಟ್ಟು ನೋಡಬಹುದಾಗಿದ್ದಲ್ಲಿ ಸಾಲ ಮಾಡಿಸಿ ಕತ್ತರಿ ಹಿಡಿದ ಪ್ರಸಂಗಗಳು ಅವು. ಕೂಲಿ ತಪ್ಪೀತೆಂಬ ಹೆದರಿಕೆಯೂ ಅದರಲ್ಲಿ ಸೇರಿತ್ತು.

ಗಡಿಯ ತೊಡಕೊಂದು ಬೇರೆ. ಕರ್ನಾಟಕದ ಕಾರ್ಡು ಯೋಜನೆಯ ಪಟ್ಟಿಯಲ್ಲಿ ಹೆಸರಿರುವ ದವಾಖಾನೆಗಳಲ್ಲಿ ಮಾತ್ರ ನಡೆಯುತ್ತದೆ. ಅಜ್ಜನ ಕಾಲದಿಂದ ಮಿರಜದ ಹಾದಿಯನ್ನೇ ತುಳಿದ ಜನರು ತುರ್ತಿನಲ್ಲಿ ಅಲ್ಲಿಗೇ ಓಡಿ, ಕಾರ್ಡು ತೋರಿಸಿ, ಇದು ಇಲ್ಲಿ ನಡೆಯದೆಂದು ಕೇಳಿ ಕೈಚೆಲ್ಲುತ್ತಾರೆ. 2023ರಲ್ಲಿ ಮಹಾರಾಷ್ಟ್ರ ಸರಕಾರವು ತಾನು ಹಕ್ಕು ಸಾಧಿಸುವ 865 ಗಡಿಹಳ್ಳಿಗಳಿಗೆ ತನ್ನ ಆರೋಗ್ಯ ಯೋಜನೆಯನ್ನು ವಿಸ್ತರಿಸಿದಾಗ ಕರ್ನಾಟಕವು ಉಗ್ರವಾಗಿ ಪ್ರತಿಭಟಿಸಿತು. ರಾಜಕಾರಣದ ಆ ವಾದವನ್ನು ನಾನು ರಾಜಕಾರಣಿಗಳಿಗೇ ಬಿಡುತ್ತೇನೆ. ಎದೆನೋವಿನಿಂದ ಬೆವರುತ್ತಿರುವವನು ಗಡಿಕಲ್ಲನ್ನು ನೋಡಿ ಗಾಡಿಯನ್ನು ತಿರುಗಿಸುವುದಿಲ್ಲ.

ಖಾಸಗಿ ದವಾಖಾನೆಗಳ ಬೆಲೆಗೆ ಕಡಿವಾಣ ಹಾಕುವ ಯತ್ನವೂ ನಡೆಯಿತು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ 2017ರಲ್ಲಿ ತಿದ್ದುಪಡಿ ತರಲು ಹೊರಟಾಗ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ನಮ್ಮ ಬೆಳಗಾವಿಯ ಸುವರ್ಣಸೌಧದ ಮುಂದೆಯೇ, ಚಳಿಗಾಲದ ಅಧಿವೇಶನ ನಡೆದಿರುವಾಗ, ಸಾವಿರಾರು ವೈದ್ಯರು ನೆರೆದರು. ಕೊನೆಗೆ ಮೃದುವಾಗಿ ಅಂಗೀಕಾರವಾದ ಕಾಯಿದೆಯಲ್ಲಿ ಎರಡು ಒಳ್ಳೆಯ ಅಂಶಗಳು ಉಳಿದವು. ದರಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಬಿಲ್ಲು ಬಾಕಿಯಿದೆಯೆಂದು ಮೃತನ ದೇಹವನ್ನು ತಡೆಹಿಡಿಯಕೂಡದು. ಎರಡನೆಯದನ್ನು ನಮ್ಮ ಜನರು ತಿಳಿದಿರಬೇಕು.

ಬದುಕಿನುದ್ದಕ್ಕೂ ನುಂಗಬೇಕಾದ ಗುಳಿಗೆಯನ್ನು ಬಡವನಿಗೆ ಬಿಟ್ಟಿಯಾಗಿ ಕೊಡುವುದು ಸಾಧ್ಯವೇ ಎಂದು ಕೇಳುವವರಿಗೆ ಉತ್ತರವು ನಮ್ಮ ಕಣ್ಣ ಮುಂದೆಯೇ ಇದೆ. ಕೊಕಟನೂರಿನ ಹೆಸರು ಯಲ್ಲಮ್ಮನ ಜಾತ್ರೆಗೆ ಪ್ರಸಿದ್ಧವಾದುದು. 1982ರ ಕಾಯಿದೆಯು ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ ಮೇಲೆಯೂ, ಆ ಪದ್ಧತಿಯಲ್ಲಿ ಸಿಲುಕಿದ್ದ ತಾಯಂದಿರ ಮೇಲೆ, ಉತ್ತರ ಕರ್ನಾಟಕದ ಎಷ್ಟೋ ಕೂಲಿಕಾರರ, ಲಾರಿ ಚಾಲಕರ ಮನೆಗಳ ಮೇಲೆ ಏಡ್ಸ್ ಬೇನೆಯು ಬಂದೆರಗಿತು. ಆಗ ಅದರ ಔಷಧಕ್ಕೆ ಪಾಶ್ಚಾತ್ಯ ಕಂಪನಿಗಳು ಹೇಳುತ್ತಿದ್ದ ಬೆಲೆ ವರ್ಷಕ್ಕೆ 10,000 ಡಾಲರುಗಳಿಗೂ ಮೇಲು. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯು ಅದೇ ಔಷಧವನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುವೆನೆಂದಿತು. ಔಷಧವಸ್ತುವಿನ ಮೇಲೆ ಏಕಸ್ವಾಮ್ಯವನ್ನು ಒಪ್ಪದೆ ತಯಾರಿಕೆಯ ವಿಧಾನಕ್ಕೆ ಮಾತ್ರ ಪೇಟೆಂಟು ಕೊಟ್ಟ ನಮ್ಮ 1970ರ ಕಾಯಿದೆಯೇ ಅದನ್ನು ಸಾಧ್ಯವಾಗಿಸಿದ್ದು. 2005ರಲ್ಲಿ ಆ ಕಾಯಿದೆ ಬದಲಾಯಿತೆಂಬುದು ಬೇರೆ ಮಾತು. 2004ರ ಏಪ್ರಿಲಿನಿಂದ ಸರಕಾರವು ಈ ಔಷಧವನ್ನು ಬಿಟ್ಟಿಯಾಗಿ ಕೊಡತೊಡಗಿತು. ಕಾರ್ಡು ಕೇಳದೆ, ಆಪರೇಶನ್ ಕೇಳದೆ, ತಿಂಗಳು ತಿಂಗಳು, ಬದುಕಿರುವವರೆಗೆ. ಸಾಯುವರೆಂದು ಊರೇ ಕೈಬಿಟ್ಟಿದ್ದವರು ಮಕ್ಕಳ ಮದುವೆಯನ್ನು ಮಾಡಿದರು. ಅತ್ಯಂತ ದುಬಾರಿಯೆಂದು ಎಣಿಸಿದ ಬೇನೆಗೆ ಇದು ಆಗುವುದಾದರೆ, ಅತ್ಯಂತ ಅಗ್ಗದ ಗುಳಿಗೆಗಳ ಸಕ್ಕರೆ ಬೇನೆ, ರಕ್ತದೊತ್ತಡಗಳಿಗೆ ಏಕಾಗದು?

ಸದಯ ಸಮಾರಿಯದವನ ಸಾಮತಿಯನ್ನು ಬೋಧಿಸುವಾಗ ನಾವು ಗಾಯಕ್ಕೆ ಹೊಯ್ದ ಎಣ್ಣೆ ಮತ್ತು ದ್ರಾಕ್ಷಾರಸದಲ್ಲಿಯೇ ನಿಂತುಬಿಡುತ್ತೇವೆ. ಆ ಪ್ರವಾಸಿಯು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯಗಳನ್ನು ಕೊಟ್ಟನೆಂಬುದನ್ನೂ, ಮುಂದೆ ತಗಲುವ ಖರ್ಚಿಗೂ ತಾನೇ ಹೊಣೆಯೆಂದು ಮಾತು ಕೊಟ್ಟು ಹೋದನೆಂಬುದನ್ನೂ ಸಂತ ಲೂಕರು ಬರೆದಿಟ್ಟಿದ್ದಾರೆ. ಲೂಕರು ಸ್ವತಃ ವೈದ್ಯರಾಗಿದ್ದರೆಂಬುದು ಶ್ರೀಸಭೆಯ ಪರಂಪರೆ. ಮುಂದಿನ ಖರ್ಚಿನ ಮಾತನ್ನು ಮರೆಯದೆ ಬರೆದವರು ವೈದ್ಯರೆಂಬುದು ನನಗೆ ಸಹಜವೆಂದೇ ತೋರುತ್ತದೆ.

ದೇಶದ ಒಟ್ಟು ಆರೋಗ್ಯವೆಚ್ಚದಲ್ಲಿ ಜನರು ತಮ್ಮ ಕೈಯಿಂದ ಕೊಡುವ ಪಾಲು 2013-14ರಲ್ಲಿ ಶೇಕಡಾ 64ರಷ್ಟಿದ್ದುದು 2021-22ರಲ್ಲಿ ಶೇಕಡಾ 39ಕ್ಕೆ ಇಳಿಯಿತೆಂದು ಸರಕಾರದ ಲೆಕ್ಕ ಹೇಳುತ್ತದೆ. ಇಳಿದುದು ಸಂತೋಷ. ಉಳಿದ ಆ ಪಾಲಿನಲ್ಲಿ ಔಷಧದ ಅಂಗಡಿಗೆ ಹೋಗುವ ದುಡ್ಡೇ ದೊಡ್ಡದು. ಕಾಗದದ ಮೇಲೆ ಇದಕ್ಕೂ ಉಪಾಯವಿಲ್ಲದಿಲ್ಲ. ಸಕ್ಕರೆ ಬೇನೆ, ರಕ್ತದೊತ್ತಡಗಳ ರಾಷ್ಟ್ರೀಯ ಕಾರ್ಯಕ್ರಮವು 2010ರಲ್ಲಿಯೇ ಆರಂಭವಾಯಿತು. ಸರಕಾರಿ ಆರೋಗ್ಯ ಕೇಂದ್ರದಲ್ಲಿ ತಪಾಸಣೆಯೂ ಗುಳಿಗೆಯೂ ಬಿಟ್ಟಿ. 2008ರಿಂದ ತೆರೆಯುತ್ತ ಬಂದ ಜನೌಷಧಿ ಅಂಗಡಿಗಳಲ್ಲಿ ಅದೇ ಗುಳಿಗೆ ಪೇಟೆಯ ಬೆಲೆಗಿಂತ ಬಹಳ ಅಗ್ಗ. ಹೆಸರು ಬೇರೆಯಾದರೂ ಒಳಗಿನ ಔಷಧ ಒಂದೇ ಎಂಬುದನ್ನು ನಂಬದೆ, ಡಾಕ್ಟರರು ಬರೆದ ಹೆಸರಿನ ಡಬ್ಬಿಯೇ ಬೇಕೆಂದು ಹಟ ಹಿಡಿಯುವವರು ನಮ್ಮಲ್ಲಿದ್ದಾರೆ. ಚೀಟಿಯಲ್ಲಿ ಔಷಧದ ಮೂಲಹೆಸರನ್ನು ಬರೆಯಿರೆಂದು ಡಾಕ್ಟರರನ್ನು ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಹಾಗೆಯೇ ಸ್ವಲ್ಪ ಸುಸ್ತಾಯಿತೆಂದರೆ ಸಲಾಯಿನ್ ಹಚ್ಚಿಸಿಕೊಂಡು ಬರುವ ನಮ್ಮ ಚಟವನ್ನೂ ಹೇಳಲೇಬೇಕು. ಆ ಬಾಟಲಿಯಲ್ಲಿರುವುದು ಬಹುಪಾಲು ಉಪ್ಪುನೀರು, ಸಕ್ಕರೆನೀರು. ಸಕ್ಕರೆ ಬೇನೆಯವನು ದುಡ್ಡು ಕೊಟ್ಟು ಸಕ್ಕರೆನೀರನ್ನು ರಕ್ತಕ್ಕೆ ಏರಿಸಿಕೊಳ್ಳುವುದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದು. ಹಾವು ಕಚ್ಚಿದಾಗ ಮಾತ್ರ ಮಂತ್ರದವರ ಮನೆಗೂ ಬೇಡ, ದೂರದ ದುಬಾರಿ ದವಾಖಾನೆಗೂ ಬೇಡ. ವಿಷನಿರೋಧಕ ಮದ್ದು ಸರಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ನಮ್ಮ ರಾಜ್ಯವು 2024ರಲ್ಲಿ ಕಡ್ಡಾಯಗೊಳಿಸಿದೆ. 108ರ ಗಾಡಿಯು 2008ರ ರಾಜ್ಯೋತ್ಸವದಿಂದ ಓಡುತ್ತಿದೆ, ಅದಕ್ಕೂ ಬಾಡಿಗೆಯಿಲ್ಲ.

2024ರ ಅಕ್ಟೋಬರಿನಲ್ಲಿ ಕರ್ನಾಟಕ ಸರಕಾರವು ಕೋಲಾರ ಜಿಲ್ಲೆಯಲ್ಲಿ ‘ಗೃಹ ಆರೋಗ್ಯ’ವೆಂಬ ಯೋಜನೆಯನ್ನು ತೊಡಗಿತು, ಮುಂದಿನ ವರ್ಷ ಅದನ್ನು ಇತರ ಜಿಲ್ಲೆಗಳಿಗೂ ಹಬ್ಬಿಸಲು ಹೊರಟಿತು. ಆರೋಗ್ಯ ಸಿಬ್ಬಂದಿಯು ಮನೆಮನೆಗೆ ಬಂದು, 30 ವರ್ಷ ದಾಟಿದವರ ಸಕ್ಕರೆ, ರಕ್ತದೊತ್ತಡಗಳನ್ನು ಅಳೆದು, ಬೇನೆಯಿದ್ದವರಿಗೆ ಗುಳಿಗೆಯನ್ನು ಮನೆಯ ಬಾಗಿಲಿಗೇ ಮುಟ್ಟಿಸುವುದು ಅದರ ಉದ್ದೇಶ. ಸಿಡುಬನ್ನೂ ನಾರುಹುಣ್ಣನ್ನೂ ಓಡಿಸಿದ್ದು ಹೀಗೆ ಮನೆಮನೆಗೆ ನಡೆದ ಕಾಲುಗಳೇ. ಆಶಾ ಕಾರ್ಯಕರ್ತೆಯು ನಿಮ್ಮ ಓಣಿಗೆ ಬಂದಾಗ ತೋಳನ್ನು ಚಾಚಿ ಕುಳಿತುಕೊಳ್ಳಿರಿ. ಆಕೆಯ ಚೀಲದಲ್ಲಿ ಈ ತಿಂಗಳ ಗುಳಿಗೆಯಿದೆಯೇ, ಬರುವ ತಿಂಗಳದ್ದು ಎಂದು ಬರುತ್ತದೆ ಎಂದು ಕೇಳಿರಿ. ಬಂದಿಲ್ಲವಾದರೆ ಆ ತಿಂಗಳ ಹೆಸರನ್ನೂ ಗುಳಿಗೆಯ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ನನ್ನಲ್ಲಿಗೆ ತನ್ನಿರಿ. ರಿಯಾಯಿತಿಯ ಪತ್ರಗಳನ್ನು ಬರೆದು ರೂಢಿಯಾದ ಕೈಯಿದು. ತಾಲೂಕಿನ ಆರೋಗ್ಯಾಧಿಕಾರಿಗಳಿಗೆ ಇನ್ನೊಂದು ಬಗೆಯ ಪತ್ರವನ್ನು ಬರೆಯುವುದು ಅದಕ್ಕೆ ಕಷ್ಟವಾಗದು.